ಮೂರನೇ ಕೋಣೆಯ ಕಾವಲು

ಹನ್ನೊಂದು ವರ್ಷ ಇದೇ ಕುರ್ಚಿ. ಎದುರಿಗೆ
ಮೊಳದುದ್ದದ ಅಮೃತಶಿಲೆ, ಅದರಲ್ಲಿ ಇಬ್ಬರು.
ಒಬ್ಬಳು ಕೂತಿದ್ದಾಳೆ, ಮೂಗು ಮುರಿದಿದೆ.
ಇನ್ನೊಬ್ಬಳು ನಿಂತು ಅವಳ ಗದ್ದ ಹಿಡಿದಿದ್ದಾಳೆ
ಎರಡೇ ಬೆರಳಲ್ಲಿ, ಹಣ್ಣಾಯಿತೇ ಎಂದು
ಗಿಡದಲ್ಲೇ ಅಂಜೂರ ಮುಟ್ಟಿ ನೋಡುವ ಹಾಗೆ.
ಎರಡೂವರೆ ಸಾವಿರ ವರ್ಷವಾಯಿತಂತೆ, ಇನ್ನೂ ಬಿಟ್ಟಿಲ್ಲ.

ಮೊದಲು ಚೀಟಿಯಲ್ಲಿತ್ತು: ಒಡತಿ, ದಾಸಿ.
ಹೊಸ ನಿರ್ದೇಶಕರು ಬಂದರು: ತಾಯಿ, ಮಗಳು.
ಕಳೆದ ಚಳಿಗಾಲದಿಂದ ಬರೀ 'ಬೀಳ್ಕೊಡುಗೆ',
ಅದರ ಮುಂದೊಂದು ಪ್ರಶ್ನೆಯ ಕೊಕ್ಕೆ.
ಅಂಟು ಆರುವ ಮೊದಲೇ ಬದಲಾಗುವ ನಂಟು.

ಶಾಲೆಯ ಹುಡುಗಿಯರು ಕಿಸಕ್ಕೆನ್ನುತ್ತಾರೆ. ಟೀಚರು
ಹೂಜಿಗಳ ಕಡೆಗೆ ಬಿರಬಿರನೆ ಅಟ್ಟುತ್ತಾಳೆ.
ನಾನು ಮಾತಾಡುವುದಿಲ್ಲ.
ಮುಟ್ಟಬೇಡಿ ಎನ್ನುವುದಕ್ಕಷ್ಟೇ ನನಗೆ ಸಂಬಳ.

ವೋಲೋಸಿನ ಹೊಗೆಸೊಪ್ಪಿನ ಗೋದಾಮಿನಲ್ಲಿ
ಎಲೆ ವಿಂಗಡಿಸುವಾಗ ನನ್ನ ಪಕ್ಕ ಝಂಬೇತಾ.
ಕಣ್ಣಿಗೆ ಪುಡಿ ಹಾರಿದರೆ ಹೀಗೇ ಗದ್ದ ಎತ್ತಿ
ತಲೆವಸ್ತ್ರದ ತುದಿ ನಾಲಿಗೆಗೆ ತಾಗಿಸಿ ಒರೆಸುತ್ತಿದ್ದಳು.
ಪುಡಿ ಹೋದ ಮೇಲೂ
ಕೈ ಅಲ್ಲೇ ಇರುತ್ತಿತ್ತು, ಮೇಸ್ತ್ರಿ ಸಿಳ್ಳೆ ಹಾಕುವ ತನಕ.
ಆಮೇಲೆ ಮದುವೆಯಾಗಿ ಸ್ಟುಟ್‌ಗಾರ್ಟಿಗೆ ಹೋದಳು.
ಎರಡು ಈಸ್ಟರ್ ಕಾರ್ಡು. ಅಷ್ಟೇ.
ನಮಗೆ ಯಾರೂ ಚೀಟಿ ಅಂಟಿಸಲಿಲ್ಲ.

ಸೋಮವಾರ ಬಾಗಿಲು ಮುಚ್ಚಿರುತ್ತದೆ. ಧೂಳು ನನ್ನ ಪಾಳಿ.
ಒಂಟೆಕೂದಲ ಕುಂಚದಲ್ಲಿ ಹಣೆ, ಜಡೆ, ನಿರಿಗೆ,
ಮೂಗಿದ್ದ ಜಾಗ.
ಅಷ್ಟು ಹತ್ತಿರ ಹೋದವರಿಗೇ ಗೊತ್ತು:
ಬೆರಳಿಗೂ ಗದ್ದಕ್ಕೂ ನಡುವೆ
ಕೂದಲೆಳೆಯಷ್ಟು ಸಂದು.
ಅಲ್ಲಿಗೆ ಕುಂಚ ಹೋಗದು.

ಉಸಿರು ಊದುತ್ತೇನೆ.