ಮುಂದೆ ಬೆನ್ನಿಲ್ಲ

ಅಮಾವಾಸ್ಯೆಗೆ ಇನ್ನೆರಡು ದಿನ.
ನಾಲೆಗೆ ನೀರು ಬಿಟ್ಟು ವಾರ.
ಜವರಯ್ಯ ಮಾವ ಜಗಲಿಯಿಂದಲೇ ಅಂದ:
"ಈ ಸಲ ನೀನೇ ಕರ್ಕೊಂಡು ಹೋಗ್ಲಾ.
ನನ್ನ ಕಾಲು ಇನ್ನು ಕೆಸರು ಮೆಟ್ಟಲ್ಲ."
ಬೆರಳು ತೆಗೆದ ಪಾದಕ್ಕೆ ಸುತ್ತಿದ ಬಿಳಿ ಬಟ್ಟೆ
ಕತ್ತಲಲ್ಲಿ ಕೊಕ್ಕರೆಯಂತೆ ಕೂತಿತ್ತು.

ಕರೆದೊಯ್ಯಬೇಕಾದವನು ಕೆಂಪರಾಜು,
ಮೈಸೂರಿನ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನು,
ಮಾವನ ಅಳಿಯ, ಕಮಲಾಕ್ಷಿಯ ಗಂಡ.
(ಕಮಲಾಕ್ಷಿಯನ್ನು ಒಮ್ಮೆ ನನಗೆಂದೇ ಮಾತಾಡಿದ್ದರು.
ಅದು ಹಳೇ ಮಾತು. ಅದರ ಮೇಲೆ ಎಷ್ಟೋ ನಾಟಿ ಆಗಿದೆ.)

ಕಿರುಗಾವಲಿನ ಬಯಲು.
ತೆವರಿಯ ಮೇಲೆ ಒಂದೇ ಕಾಲಿನ ದಾರಿ.
ಇಪ್ಪತ್ತು ವರ್ಷ ನಡೆದಿದ್ದೇನೆ ಇಲ್ಲಿ,
ಮಾವನ ಬೆನ್ನು ನೋಡಿಕೊಂಡು.
ಬೆನ್ನು ನಿಂತರೆ ನಿಲ್ಲುವುದು. ಬೆನ್ನು ಬಾಗಿದರೆ
ಉಸಿರು ಹಿಡಿಯುವುದು. ಆ ಬನಿಯನ್ನಿನ ಮೂರು ತೂತು
ನನಗೆ ಚುಕ್ಕಿಗಳಿಗಿಂತ ಚೆನ್ನಾಗಿ ಗೊತ್ತಿದ್ದವು.
ಇವತ್ತು ಮುಂದೆ ಯಾರೂ ಇಲ್ಲ.
ಟಾರ್ಚಿನ ಬೆಳಕು ನಾಲ್ಕು ಮಾರು ಹೋಗಿ
ಸುಮ್ಮನೆ ಮುಗಿದುಬಿಡುತ್ತದೆ.
ಮಾವನಿಗೂ ಹೀಗೇ ಇತ್ತೇ? ಕೇಳಲೇ ಇಲ್ಲ.

ಹೇಳಬೇಕಾದ್ದು ಹೇಳಿದೆ:
ಚಪ್ಪಲಿ ಬಿಡು. ಬೆಳಕು ಓರೆಯಾಗಿ ಹಿಡಿ,
ನಿನ್ನ ನೆರಳು ನಿನಗಿಂತ ಮೊದಲು ಹೋಗಿ ಚಾಡಿ ಹೇಳುತ್ತದೆ.
ಬಾಯಲ್ಲಿ ಹಸಿಮಣ್ಣಿನ ಉಂಡೆ ಇದ್ದರೆ ನಳ್ಳಿ ಬೊಕ್ಕೆ.
ಒಣಗಿ ನುಣ್ಣಗಿದ್ದರೆ ಅದು ಬೇರೆಯವರ ಮನೆ,
ಕೈ ಹಾಕಬೇಡ, ರಾತ್ರಿ ಹೊತ್ತು ಹೆಸರೂ ಎತ್ತಬೇಡ.
ಹಿಂದಿನಿಂದ ಬಾ. ಬೆನ್ನ ಚಿಪ್ಪು, ಎರಡೇ ಬೆರಳು.

ಇದನ್ನೆಲ್ಲ ಮಾವ ನನಗೆ ಬಾಯಲ್ಲಿ ಹೇಳಿರಲಿಲ್ಲ.
ಕೈಗೆ ಗೊತ್ತಿದ್ದನ್ನು ಬಾಯಿಗೆ ತರುವಾಗ
ಅರ್ಧ ಕೆಸರಲ್ಲೇ ಉಳಿಯಿತು.
ದೊಡ್ಡ ಕೊಂಡಿಗೆ ಎಲ್ಲರೂ ಹೆದರುತ್ತಾರೆ,
ಚುರುಕು ಇರುವುದು ಸಣ್ಣದರಲ್ಲಿ.
ಅದನ್ನು ಮರೆತೆನೋ, ಬಿಟ್ಟೆನೋ,
ತೂಬಿನ ಹತ್ತಿರ ಅವನು ಸರ್ರನೆ ಉಸಿರೆಳೆದಾಗ
ನನಗೇ ತಿಳಿಯಲಿಲ್ಲ.
ಎಡಗೈ ಹೆಬ್ಬೆರಳು. ಟಾರ್ಚಿನಲ್ಲಿ ರಕ್ತ ಕಪ್ಪಗೆ ಕಂಡಿತು.
ಕೈ ಕೊಡವಲಿಲ್ಲ ಪುಣ್ಯಾತ್ಮ. ನೀರಲ್ಲಿ ಮುಳುಗಿಸಿ ಕಾದ
ಅದು ತಾನಾಗಿ ಬಿಡುವ ತನಕ.
ಯಾರು ಹೇಳಿಕೊಟ್ಟರು ನಿಂಗೆ?
"ಯಾರೂ ಇಲ್ಲಣ್ಣ. ಅದಕ್ಕೂ ಗಾಬರಿ ಆಗಿರ್ತದಲ್ವಾ."

ಆಮೇಲೆ ಟಾರ್ಚು ಆರಿಸು ಅಂದ.
ಆರಿಸಿದೆ.
ಕಪ್ಪೆಗಳ ಗದ್ದಲದ ಕೆಳಗೆ, ನಾಲೆಯ ಸದ್ದಿನ ಕೆಳಗೆ
ಗುಳು ಗುಳು,
ನೊರೆ ಒಡೆಯುವಷ್ಟೇ ಸಣ್ಣ ಸದ್ದು.
"ಅಲ್ಲಿ, ಬಲಕ್ಕೆ. ಇನ್ನೊಂದು ಅದರಾಚೆ."
ಇಪ್ಪತ್ತು ವರ್ಷ ನಾನು ಕಣ್ಣಲ್ಲೇ ಹಿಡಿದಿದ್ದೆ.
ಬೊಕ್ಕೆ ಮಾತಾಡುತ್ತದೆ ಅಂತ ಮಾವನಿಗೂ ಗೊತ್ತಿತ್ತೋ ಇಲ್ಲವೋ.

ಕೊನೆಯದು ಅಂಗೈ ಅಗಲ.
ನಾನು ಬಕೆಟ್ಟಿನ ಮುಚ್ಚಳ ತೆಗೆದು ಹಿಡಿದೆ.
ಅವನು ತಿರುವಿ ನೋಡಿದ: ಹೊಟ್ಟೆಯ ಮಡಿಕೆಯೊಳಗೆ
ರಾಗಿಕಾಳಿನಷ್ಟು ಮರಿಗಳು, ಒಂದೊಂದಕ್ಕೂ ಕಾಲು.
ಹಾಕು ಎನ್ನಲು ಬಾಯಿ ತೆರೆದಿದ್ದೆ.
ನನ್ನನ್ನು ಕೇಳದೆ ಅವನು ಬಗ್ಗಿ
ತೆಗೆದ ಬೊಕ್ಕೆಗೇ ಅದನ್ನು ಬಿಟ್ಟ.

ಹಿಂತಿರುಗುವಾಗಲೂ ನಾನೇ ಮುಂದೆ.
ಬೆನ್ನಿಗೆ ಅವನ ಟಾರ್ಚು ಬೀಳುತ್ತಿತ್ತು.
ನನ್ನ ಅಂಗಿಯಲ್ಲಿ ಏನು ಓದಿದನೋ.

ಕಮಲಾಕ್ಷಿ ಮೆಣಸು ಬೆಳ್ಳುಳ್ಳಿ ಅರೆದಿಟ್ಟಿದ್ದಳು.
ಮಾವ ಬಕೆಟ್ಟಿನ ಕಡೆ ನೋಡಲೂ ಇಲ್ಲ.
"ಬಿಟ್ಟಿದ್ದೆಷ್ಟಲಾ?" ಅಂದ.
"ಒಂದು," ಅಂದೆ.
ಬಿಟ್ಟವರು ಯಾರು ಅಂತ ಅವನು ಕೇಳಲಿಲ್ಲ,
ನಾನು ಹೇಳಲಿಲ್ಲ,
ಕೆಂಪರಾಜು ಬಾನಿಯ ಹತ್ತಿರ ಕೈ ತೊಳೆಯುತ್ತಿದ್ದ.

ವಾರದ ಮೇಲೆ ಫೋನು ಬಂತು
ನಂಜನಗೂಡಿನ ಯಾವುದೋ ಮದುವೆ ಮನೆಯಿಂದ.
ಹಿಂದೆ ಡ್ರಮ್ಮು, ಎಲೆ ಹಾಕುವವರ ಕೂಗು.
"ಹೆಬ್ಬೆರಳು ಮುಚ್ಚೋ ತೂತಲ್ಲಿ ಗಾಳಿ ಸೋರ್ತದೆ ಅಣ್ಣ,
ಒಂದು ಸ್ವರ ನಿಲ್ತಾನೇ ಇಲ್ಲ."
ನಕ್ಕ. ಮುಂದಿನ ಅಮಾವಾಸ್ಯೆ ಯಾವತ್ತು ಅಂತ ಕೇಳಿದ.