ಒಂಬತ್ತು ಗ್ರಾಂ

ಅವೈರುವಿನ ಉಪ್ಪಿನ ಪಾತಿಗಳಲ್ಲಿ
ಮೂವತ್ತೆರಡು ಬೇಸಿಗೆ ಗೋರೆ ಎಳೆದವಳು ನಾನು.
ನನಗೆ ಉಪ್ಪಿನ ಪಾಠ ಹೇಳುತ್ತಾನೆ ತೆಲ್ಮು,
ಮೊಣಕೈವರೆಗೂ ಹಚ್ಚೆ, ತುಟಿಗೆ ಎರಡು ಉಂಗುರ,
ನೀಲಿ ಕೈಗವಸು ಕಳಚುತ್ತ:

"ಮನೆಯಲ್ಲಿ ಕಲಸಬೇಡಿ, ದೋನಾ ಗ್ರಾಸಿಯೇತ್.
ನಿಮ್ಮದು ಹಿಡಿ ಅಳತೆಯ ಕೈ.
ಗಾಯ ತಡೆಯುವುದು ಲೀಟರಿಗೆ ಒಂಬತ್ತೇ ಗ್ರಾಂ."

ಔಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟು
ಉಪ್ಪುನೀರು ಕೊಂಡೆ, ನಾನು!
ನಮ್ಮವ್ವ ಇದ್ದಿದ್ದರೆ
ಗೋರೆಯ ಹಿಡಿಯಿಂದಲೇ ಬುದ್ಧಿ ಹೇಳುತ್ತಿದ್ದಳು.

ಹಾಲೆಯ ತೂತು ಅವಳು ಚುಚ್ಚಿಸಿದ್ದು,
ನನಗಿನ್ನೂ ಹಲ್ಲು ಬಂದಿರಲಿಲ್ಲ.
ಇದು ಬಲಗಿವಿಯ ಮೇಲಂಚು,
ಎಲುಬೂ ಅಲ್ಲದ ಮಾಂಸವೂ ಅಲ್ಲದ ಜಾಗ.
ಐವತ್ತೆಂಟು ತುಂಬಿದ ಮೇಲೆ
ಯಾರನ್ನೂ ಕೇಳದೆ ಹೋಗಿ ಕೂತೆ.
ಅಬೀಲಿಯುವೂ ಯಾರನ್ನೂ ಕೇಳಿರಲಿಲ್ಲ,
ಫೆಬ್ರವರಿಯಲ್ಲಿ ನಮ್ಮ ಪಾತಿಗಳನ್ನು
ಮೀನು ಸಾಕುವವರಿಗೆ ಬರೆದುಕೊಟ್ಟು ಬಂದಾಗ.
ಅಂದಿನಿಂದ ಒಂದೇ ಮಂಚ, ಎರಡು ಊರು.
ಅವನು ಗೋಡೆಗೆ, ನಾನು ಕಿಟಕಿಗೆ.

ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ
ಕೈ ತೊಳೆದು, ಶೀಶೆಯ ಮೂತಿ ಒತ್ತಿ,
ಕಿವಿಯ ಮುಂದೊಂದು ಸಲ, ಹಿಂದೊಂದು ಸಲ ಸಿಂಪಡಿಸಿ
ಸುಮ್ಮನೆ ನಿಲ್ಲುತ್ತೇನೆ, ತೊಟ್ಟು ಕತ್ತಿಗಿಳಿಯುವವರೆಗೆ.
ಉರಿಯುವುದಿಲ್ಲ.
ಗಾಯಕ್ಕೆ ಉಪ್ಪು ಸವರಿದ ಹಾಗೆ ಎನ್ನುತ್ತಾರಲ್ಲ,
ಅವರು ಅಳತೆ ಮಾಡದೆ ಸವರಿದ್ದಾರೆ.

ಏಳುವಷ್ಟರಲ್ಲಿ ಮೊಳೆಯ ಸುತ್ತ
ಹಳದಿ ಹರಳು ಕಟ್ಟಿರುತ್ತದೆ,
ಜೂನ್ ತಿಂಗಳ ಪಾತಿಯ ಅಂಚಿನಲ್ಲಿ
ಮೊದಲ ಉಪ್ಪು ಕೂತಂತೆ.
ಕಟ್ಟಿದ್ದನ್ನು ಎಳೆಯುವುದೇ ನನ್ನ ಕಸುಬು.
ಇದನ್ನು ಮಾತ್ರ ಮುಟ್ಟಬಾರದಂತೆ:
ನೆನೆಯಲಿ, ತಾನಾಗಿ ಬಿಡಲಿ.
ತಿರುಗಿಸಬೇಡಿ, ಕೀಳಬೇಡಿ,
ಅಳಿವೆಯ ನೀರಿಗೆ ಇಳಿಯಬೇಡಿ,
ಆ ಮಗ್ಗುಲಿಗೆ ಮಲಗಬೇಡಿ.

ಆ ಮಗ್ಗುಲು!
ಚುಚ್ಚಿಸುವಾಗ ಹೊಳೆದೇ ಇರಲಿಲ್ಲ.
ಬಲಕ್ಕೆ ಮಲಗಿದರೆ ಕಿಟಕಿ, ದೂರದ ದೋಣಿಯ ದೀಪ.
ಎಡಕ್ಕೆ ಮಲಗಿದರೆ ಅಬೀಲಿಯುವಿನ ಬೆನ್ನು,
ಬನಿಯನ್ನಿನ ಬಿಚ್ಚಿದ ಹೊಲಿಗೆ,
ಕತ್ತಿನ ಮೇಲೆ ಬಿಸಿಲು ಕೊರೆದ ಗೆರೆಗಳು.
ಎಷ್ಟು ದಿನ, ಎಂದು ತೆಲ್ಮುವನ್ನು ಕೇಳಿದೆ.
ಒಂಬತ್ತು ತಿಂಗಳು, ಹೆಚ್ಚೂ ಆಗಬಹುದು ಎಂದ,
ಬಸುರಿಗೆ ಹೇಳುವ ಹಾಗೆ.

ಏಳನೇ ವಾರ, ನಡುರಾತ್ರಿ,
ಕೂದಲೆಳೆಯೊಂದು ಮೊಳೆಗೆ ಸುತ್ತಿಕೊಂಡು
ತಲೆ ಅಲುಗಿದರೆ ಕಿವಿ ಕಿತ್ತು ಬರುವಂತೆ.
ಕನ್ನಡಿಗೂ ಕಾಣದ ಕಡೆ ಗಂಟು.
ದೀಪ ಹತ್ತಿತು. ಹತ್ತಿಸಿದವಳು ನಾನಲ್ಲ.
ಕನ್ನಡಕ ತಡಕಿದ, ಎದ್ದು ಕೂತ,
ಬಿರುಕು ಬಿಟ್ಟ ಬೆರಳು ಚಾಚಿದ.

"ಕೈ ತೊಳ್ಕೊಂಡು ಬಾ," ಎಂದೆ.
ನಾಲ್ಕು ತಿಂಗಳಲ್ಲಿ ನಾನಾಡಿದ ಮೊದಲ ಮಾತು.

ಹೋದ. ನಲ್ಲಿ ಬಹಳ ಹೊತ್ತು ಸುರಿಯಿತು,
ಉಗುರಿನ ಸಂದಿಯನ್ನೂ ಉಜ್ಜುತ್ತಿದ್ದನೇನೋ.
ಬಂದು, ಉಸಿರು ಬಿಗಿಹಿಡಿದು
ಒಂದೊಂದೇ ಸುತ್ತು ಬಿಡಿಸಿದ.
"ಚೆನ್ನಾಗಿದೆ" ಎಂದನೋ "ಸಣ್ಣದಿದೆ" ಎಂದನೋ,
ಸರಿಯಾಗಿ ಕೇಳಿಸಲಿಲ್ಲ.
ನಾನೂ ಮತ್ತೆ ಕೇಳಲಿಲ್ಲ.

ಮೊನ್ನೆ ತೆಲ್ಮು ಉದ್ದದ ಮೊಳೆ ತೆಗೆದು ಗಿಡ್ಡದು ಹಾಕಿದ.
"ಬಾವು ಇಳಿದಿದೆ. ಹೊರಗೆ ಮಾಯ್ದಿದೆ,
ಒಳಗೆ ಇನ್ನೂ ಹಸಿ. ನಂಬಿ ತೆಗೆದುಬಿಡಬೇಡಿ,
ರಾತ್ರಿ ಕಳೆಯುವುದರೊಳಗೆ ಮುಚ್ಚಿಹೋಗುತ್ತೆ."

ಸೈಕಲ್ಲಿನಲ್ಲಿ ಮನೆಗೆ ಬರುವಾಗ
ಪಾತಿಗಳ ಕಡೆಯ ದಾರಿಯನ್ನೇ ಹಿಡಿದೆ.
ನಮ್ಮದರಲ್ಲಿ ಈಗ ಎದೆಮಟ್ಟ ನೀರು,
ಯಾರದೋ ಮೀನು ಪಳಕ್ಕೆಂದು ತಿರುಗಿತು.
ಗಾಳಿ ಬಲಗಿವಿಗೇ ಬಡಿಯುತ್ತಿತ್ತು.
ಮುಚ್ಚಿಕೊಳ್ಳಲು ಎತ್ತಿದ ಕೈಯನ್ನು ಇಳಿಸಿದೆ:
ತೊಳೆದಿರಲಿಲ್ಲ.