ಮೂವತ್ತು ಸೆಕೆಂಡು

ಸರೋವರದ ಗಾಳಿಗೆ ಕ್ಲೀವ್‌ಲ್ಯಾಂಡಿನ ನಮ್ಮ ಟಿವಿ ಸ್ಟೇಷನ್ನಿನ ಬಾಗಿಲು
ಆಗಾಗ ತಾನೇ ತೆರೆದುಕೊಳ್ಳುತ್ತಿತ್ತು.
ಹಾಗೆ ತೆರೆದಾಗೊಮ್ಮೆ ಒಳಗೆ ಬಂದವಳು
ಲುದ್ಮಿಲಾ ಕೊಚೆವಾರ್. ಹತ್ತೊಂಬತ್ತು ವರ್ಷ.
ಅಣ್ಣನ ಕೋಟು, ತೋಳಿಗೆ ಎರಡು ಮಡಿಕೆ.
ಎಪ್ಪತ್ತಮೂರರ ಜನವರಿ.
ನಾನು ಕ್ಲೈಡ್, ರಾತ್ರಿ ಪಾಳಿಯವನು,
ಟೇಪು ಏರಿಸುವವನು, ಇಳಿಸುವವನು.

ಅವಳ ಪಾಲಿಗೆ ಬಂದದ್ದು ಜಾಹೀರಾತಿನ ಲೆಕ್ಕ.
ಸೋಪಿಗೆ ಮೂವತ್ತು ಸೆಕೆಂಡು, ಟೈರಿಗೆ ಮೂವತ್ತು,
ಶವಪೆಟ್ಟಿಗೆಯ ಅಂಗಡಿಗೆ ಹದಿನೈದು,
ಅದೂ ನಡುರಾತ್ರಿ ಕಳೆದ ಮೇಲೆ.
ಹಸಿರು ಗೆರೆಯ ಹಾಳೆ, ಮೊಂಡು ಪೆನ್ಸಿಲು,
ಕೊರಳಲ್ಲಿ ಶಿಲುಬೆಗೆ ತಾಗಿ ಟಕಟಕ ಅನ್ನುವ ಸ್ಟಾಪ್‌ವಾಚು.

'ಕಾಲ ಇಷ್ಟು ಅಗ್ಗವೇ, ಕ್ಲೈಡ್?'
'ಯಾರದ್ದು? ನಿನ್ನದೋ, ಅವರದೋ?'
ನಕ್ಕಳು. ಮರುದಿನ ಹೊಸ ದರದ ಪಟ್ಟಿಯೊಂದನ್ನು
ಮ್ಯಾನೇಜರನ ಮೇಜಿನ ಮೇಲೆ ಇಟ್ಟುಬಂದಳು.
ಅವನು ಅದು ತನ್ನದೇ ಅಂದ,
ಬೋನಸ್ಸಿನಲ್ಲಿ ದೋಣಿ ಕೊಂಡ.
ಅಲ್ಲಿಂದಾಚೆಗೆ ಹೆಸರು ಬರೆಯದೆ
ಅವಳು ಒಂದು ಚೀಟಿಯನ್ನೂ ಎಲ್ಲೂ ಇಟ್ಟವಳಲ್ಲ.

ಒಂದು ರಾತ್ರಿ ಟೇಪು ತುಂಡಾಯಿತು.
ಊರಿಗೆ ಊರೇ ಪರದೆ ಕಪ್ಪು. ಸದ್ದಿಲ್ಲ.
ನನ್ನ ಬೆರಳು ನಡುಗುತ್ತಿವೆ, ಅಂಟುಪಟ್ಟಿ ಸಿಗುತ್ತಿಲ್ಲ,
ಅವಳು ಬಾಗಿಲಲ್ಲಿ ನಿಂತು ವಾಚು ನೋಡುತ್ತಿದ್ದಾಳೆ.
'ಮೂವತ್ತೊಂದು' ಅಂದಳು, ಚಿತ್ರ ಮರಳಿದಾಗ.
ಬೈಯಲು ಯಾರೂ ಫೋನು ಮಾಡಲಿಲ್ಲ. ಒಬ್ಬ ಮುದುಕಿ ಮಾಡಿದಳು:
'ಎಷ್ಟು ವರ್ಷಕ್ಕೆ ಕೇಳಿಸಿತಪ್ಪ
ನಮ್ಮನೆ ಗೋಡೆ ಗಡಿಯಾರ!'
ಲುದ್ಮಿಲಾ ಅದನ್ನೂ ಹಸಿರು ಹಾಳೆಯಲ್ಲಿ ಬರೆದಿಟ್ಟಳು,
ಗಿರಾಕಿಯ ಹೆಸರಿನ ಕಡೆ ಖಾಲಿ ಬಿಟ್ಟು.

ಮುಂದಿನದು ನಿಮಗೆ ಗೊತ್ತಿರುವಂಥದ್ದೇ.
ನ್ಯೂಯಾರ್ಕು, ಕೇಬಲ್ಲು, ಇಪ್ಪತ್ತೆರಡನೇ ಮಹಡಿ,
ಇಡೀ ದಿನ ಹವಾಮಾನ ಹೇಳುವ ಚಾನೆಲ್ಲು.
ಯಾರು ನೋಡ್ತಾರೆ ಅಂದರು. ನೋಡಿದರು.
ಗಂಡ ಒಬ್ಬ ಬಂದ, ಹೋದ.
ಮೀಟಿಂಗಿನಲ್ಲಿ ಕಾಫಿ ತರಲು ಹೇಳಿದವನಿಗೆ
ತಂದೇ ಕೊಟ್ಟಳಂತೆ; ಮುಂದಿನ ವರ್ಷ
ಅವನ ಇಲಾಖೆಯನ್ನೂ ಬಟ್ಟಲನ್ನೂ ಒಟ್ಟಿಗೆ ತೊಳೆದಿಟ್ಟಳು.

ತೊಂಬತ್ತಾರರಲ್ಲಿ ಅವಳ ಕಂಪನಿ ನಮ್ಮ ಸ್ಟೇಷನ್ನನ್ನು ಕೊಂಡಿತು.
ಇನ್ನೂರ ಹನ್ನೆರಡು ಹೆಸರು ಕೆಲಸದಿಂದ ತೆಗೆಯುವ ಪಟ್ಟಿಯಲ್ಲಿ.
ನನ್ನದೂ ಇತ್ತು.
ಫೋನು ತಾನೇ ಮಾಡಿದಳು. 'ಕ್ಲೈಡ್' ಅಂದಳು.
ಆಮೇಲೆ ಮಾತೇ ಇಲ್ಲ.
ನಾನು ಎಣಿಸಿದೆ, ಹಳೇ ಚಾಳಿ. ಮೂವತ್ತಾಯಿತು.
'ಆಯ್ತು ಬಿಡು' ಎಂದು ಇಟ್ಟೆ. ಆಗಿರಲಿಲ್ಲ.
ಮರುವರ್ಷ ದೊಡ್ಡ ಮೀನೊಂದು ಅವಳ ಮೀನನ್ನು ನುಂಗಿತು;
ರಟ್ಟಿನ ಪೆಟ್ಟಿಗೆ ಹಿಡಿದು ಲಿಫ್ಟಿಳಿದಳಂತೆ.
ಸಂತೋಷವಾಯಿತೇ ಎಂದು ಹೆಂಡತಿ ಕೇಳಿದಳು.
ಸ್ವಲ್ಪ ಆಗಿತ್ತು.

ಈಗ ಹೊಬೋಕನ್ನಿನಲ್ಲಿ ಹಲ್ಲಿನ ಡಾಕ್ಟರ ಮೇಲ್ಮಹಡಿ.
ಕೆಳಗೆ ಡ್ರಿಲ್ಲಿನ ಸದ್ದು, ಮೇಲೆ ಇವಳ ಹೂಡಿಕೆಯ ಕೋಣೆ.
ಹುಡುಗರು ಬರುತ್ತಾರೆ, ಹೊಳೆಯುವ ಬೂಟು,
ಜಗತ್ತನ್ನು ಬದಲಿಸುವ ಹನ್ನೆರಡು ಚಿತ್ರಪಟ.
ಮುಗಿಸಿದ ಮೇಲೆ ಇವಳು ಬಾಯಿ ಬಿಡುವುದಿಲ್ಲ.
ವಾಚು ಒತ್ತುತ್ತಾಳೆ, ಅಷ್ಟೇ.
ಒಬ್ಬ ಹನ್ನೊಂದನೇ ಸೆಕೆಂಡಿಗೆ ಬೆಲೆ ಇಳಿಸಿದ,
ಇನ್ನೊಬ್ಬ ಇಪ್ಪತ್ತಕ್ಕೆ ನಿಜ ಹೇಳಿದ.

ರೊವೇನಾ ಬಕ್ಲಾಯನ್ ಜರ್ಸಿ ಸಿಟಿಯ ನರ್ಸು.
ಆಸ್ಪತ್ರೆಯ ಸುಳ್ಳು ಗಂಟೆಗಳನ್ನು ಸುಮ್ಮನಾಗಿಸುವ
ಒಂದು ಡಬ್ಬಿ ತಂದಿದ್ದಳು, ಬ್ರೆಡ್ಡಿನಷ್ಟು ಗಾತ್ರ.
ಹೇಳಿದಳು, ಮುಗಿಸಿದಳು, ನೀರು ಕುಡಿದಳು,
ಕಿಟಕಿಯಾಚೆ ದೋಣಿ ನೋಡುತ್ತ ಕೂತಳು.
ಎಷ್ಟೋ ಹೊತ್ತಿನ ಮೇಲೆ ಹಗೂರಕ್ಕೆ,
'ಮೇಡಂ, ನಿಮ್ಮ ವಾಚು ನಿಂತಿದೆ.'
ನಿಂತಿತ್ತು. ಕೀಲಿ ಕೊಡಲು ಮರೆತಿದ್ದಳು.

ಚೆಕ್ಕು ಬರೆದಳು. ಎರಡೇ ವರ್ಷಕ್ಕೆ ಆ ಡಬ್ಬಿ ಮುಳುಗಿತು,
ಪರರ ದುಡ್ಡೂ ಮುಳುಗಿತು ಜೊತೆಗೆ.
ಮತ್ತೊಂದು ಡಬ್ಬಿ ತಂದಳು ರೊವೇನಾ,
ಮತ್ತೆ ಬರೆದಳು ಇವಳು, ಈ ಸಲ ಬರೀ ತನ್ನ ಖಾತೆಯಿಂದ.
ಅದೇನಾಯಿತೋ ಇನ್ನೂ ಯಾರಿಗೂ ತಿಳಿಯದು.

ಪತ್ರಿಕೆಯಲ್ಲಿ ಅವಳ ಫೋಟೋ, ದೂರದೃಷ್ಟಿ ಅಂತೆಲ್ಲ ಬರೆದಿದ್ದಾರೆ.
ದೃಷ್ಟಿಯ ಮಾತು ನನಗೆ ಗೊತ್ತಿಲ್ಲ;
ಅವಳು ಕಿವಿಯ ಹೆಂಗಸು.

ಕೆಲವು ಭಾನುವಾರ ಫೋನು ಬರುತ್ತದೆ.
'ಕ್ಲೈಡ್' ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ.
ಕ್ಷಮಿಸಿದ್ದೇನೆಯೇ ಎಂದು ಅವಳು ಕೇಳಿಲ್ಲ, ನಾನು ಹೇಳಿಲ್ಲ.
ತಂತಿಯ ಆಚೆ ಯಾರದ್ದೋ ಗಡಿಯಾರ.
ಸ್ವಲ್ಪ ಹೊತ್ತಾದ ಮೇಲೆ,
ಊಟಕ್ಕೆ ಏನು ಮಾಡಿದ್ದೀಯ, ಅನ್ನುತ್ತಾಳೆ.